ಕಿಟಕಿ ಕೆಳಗಿನ ಹಳದಿ ಗೆರೆ

ಸಂಘದ ಚರಿತ್ರೆ ಬರೆಯುವ ಕೆಲಸ ನನಗೆ ಸಿಕ್ಕಿದ್ದು ಜಗಳ ಆಡಿದ್ದರಿಂದ.

ಚಂದಾಪುರದ ಕಲ್ಯಾಣಮಂಟಪವೊಂದರ ಊಟದ ಹಾಲ್‌ನಲ್ಲಿ ಪುಟ್ಟ ಮಾದರಿ ವಾಹನ ಮಾಡುವವರ ಆ ಸಂಘದ ಪ್ರದರ್ಶನ ನಡೆದಿತ್ತು. ತರಕಾರಿ ಚೀಲ ಹಿಡಿದು ಬಾಡಿಗೆ ರೂಮಿಗೆ ಹೊರಟಿದ್ದವಳು ಬ್ಯಾನರ್ ನೋಡಿ ಒಳಗೆ ಹೋದೆ. ಮೇಜುಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಪುಟ್ಟ ವಿಮಾನ, ಹಡಗು, ಲಾರಿ. ನಿಜವಾದ ವಾಹನವನ್ನು ಅಳೆದು, ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಕೈಯಿಂದ ಮಾಡಿದವು. ಸುತ್ತ ನಲವತ್ತು ಐವತ್ತು ವಯಸ್ಸಿನ ಗಂಡಸರು ಉಸಿರು ತಾಗೀತೆಂಬಂತೆ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ನನಗೆ ನಗು ಬಂತು.

ಅಂಗೈಯಷ್ಟುದ್ದದ ಒಂದು ಕೆಂಪು ಬಸ್ಸಿನ ಮುಂದೆ ಕೂತಿದ್ದ ಹಿರಿಯರಿಗೆ ಹೇಳಿದೆ: "ಇದು ಸುಳ್ಳು ಸಾರ್. ಬಸ್ಸನ್ನ ಎಪ್ಪತ್ತೆರಡು ಪಾಲು ಚಿಕ್ಕದು ಮಾಡಿದ್ದೀರ, ಬಣ್ಣ ಮಾತ್ರ ಹಾಗೇ ಬಿಟ್ಟಿದ್ದೀರ. ಇಷ್ಟು ಚಿಕ್ಕದಾಗಿ ಕಾಣಬೇಕಾದ್ರೆ ಬಸ್ಸು ಅಷ್ಟು ದೂರ ಇರಬೇಕು. ಅಷ್ಟು ದೂರದಿಂದ ಕೆಂಪು ಇಷ್ಟು ಕಡುವಾಗಿ ಕಾಣಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದುಕ್ಕೇ ಕಣಮ್ಮ ಕೆಂಪಿಗೆ ಒಂದ್ ತೊಟ್ಟು ಬಿಳಿ ಬೆರ್ಸಿರೋದು. ಬಸ್ ಸ್ಟಾಪ್ನಾಗೆ ಕಾಯ್ತಾ ನಿಂತವ್ನಿಗೆ ದೂರದಾಗೆ ಎಂಗೆ ಕಾಣ್ತದೋ ಅಂಗೆ. ಸರ್ಯಾಗಿ ನೋಡು, ಆಮ್ಯಾಕೆ ವಾದ ಮಾಡು."

ಸರಿಯಾಗಿ ನೋಡಿದೆ. ಬಿಳಿ ಬೆರೆತಿತ್ತು. ಕಾಲೇಜಿನ ಮೂರು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದು ತಂದವಳು ಊಟದ ಹಾಲ್‌ನಲ್ಲಿ ಅರ್ಧ ನಿಮಿಷದಲ್ಲಿ ಸೋತೆ. ಸೋಲಿಸಿದವರನ್ನು ನಾನು ಸುಲಭಕ್ಕೆ ಬಿಡುವುದಿಲ್ಲ. ಎರಡು ಗಂಟೆ ಅಲ್ಲೇ ನಿಂತು ಪ್ರಶ್ನೆ ಕೇಳಿದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕೆಲಸ ಎಂದು ತಿಳಿದ ಮೇಲೆ ಅವರು, "ಅಂಗಾರೆ ನಮ್ ಸಂಘದ ಕತೇನೂ ಬರ್ಕೊಡು ತಾಯಿ. ನಾನು ಸತ್ ಮ್ಯಾಕೆ ಯೋಳೋರಿಲ್ಲ, ಇರೋವಾಗ್ಲೇ ಬರ್ದ್ಬುಡು" ಎಂದರು.

ಅವರೇ ಸಂಘ ಕಟ್ಟಿದವರು. ಡೈ, ಅಚ್ಚು ತಯಾರಿಸುವ ಟೂಲ್ ರೂಮಿನಲ್ಲಿ ಇಡೀ ಜೀವನ ದುಡಿದು ನಿವೃತ್ತರಾದವರು. ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹನ್ನೊಂದು ಊರುಗಳಲ್ಲಿ ಶಾಖೆಗಳಿದ್ದ ಸಂಘದ ಮೂಲಸ್ಥಾನ ಬೊಮ್ಮಸಂದ್ರದಲ್ಲಿ ಅವರ ತಮ್ಮನ ಟೂಲ್ ರೂಮಿನ ಮಹಡಿ ಮೇಲಿನ ಒಂದು ಕೋಣೆ.

ಆ ಕೋಣೆಯಲ್ಲಿ ಒಂದು ಆಚಾರವಿತ್ತು. ಯಜಮಾನ್ರು ತಾವು ಮೊದಲ ಕೆಲಸಕ್ಕೆ ಹತ್ತಿ ಹೋದ ಹಳೆಯ ಕೆಂಪು ಬಸ್ಸಿನ ಅಚ್ಚು ಮಾಡಿಕೊಂಡಿದ್ದರು. ಪ್ರತಿ ವರ್ಷ ಆ ಅಚ್ಚಿನಲ್ಲಿ ಭಾಗಗಳನ್ನು ಎರಕ ಹೊಯ್ದು ಎಲ್ಲ ಊರುಗಳ ಸದಸ್ಯರಿಗೂ ಅಂಚೆಯಲ್ಲಿ ಕಳಿಸುತ್ತಿದ್ದರು. ಎಲ್ಲರೂ ಅದೇ ಬಸ್ಸನ್ನು ಜೋಡಿಸಿ, ಬಣ್ಣ ಹಚ್ಚಿ ವಾಪಸು ಕಳಿಸಬೇಕು. ಅಡಿಯಲ್ಲಿ ಹೆಸರು, ವರ್ಷ. ಅದಕ್ಕೆ ವರ್ಷದ ಬಸ್ಸು ಎಂದು ಹೆಸರು. ಬಸ್ಸಿನ ಕಿಟಕಿಗಳ ಕೆಳಗೆ ಮುಂದಿನಿಂದ ಹಿಂದಿನವರೆಗೆ ಕೂದಲಿಗಿಂತ ತುಸು ದಪ್ಪನೆಯ ಒಂದು ಹಳದಿ ಗೆರೆ. ಉಳಿದ ಕಡೆ ಬಣ್ಣ ಹರಡದಂತೆ ಅಂಚಿಗೆ ಅಂಟುಪಟ್ಟಿ ಹಚ್ಚಿ ಬಣ್ಣ ಹಾಕಬಹುದು. ಈ ಗೆರೆಗೆ ಮಾತ್ರ ಕೂಡದು. ಬರಿಗೈಯಲ್ಲಿ, ಒಂದೇ ಎಳೆತ. "ಪಟ್ಟಿ ಅಚ್ದೋನು ಬಸ್ ಮಾಡ್ದಂಗಲ್ಲ, ಡಬ್ಬ ಮಾಡ್ದಂಗೆ" ಎನ್ನುತ್ತಿದ್ದರು ಯಜಮಾನ್ರು.

ಇನ್ನೊಂದು ನಿಯಮವೂ ಇತ್ತು. ಬೊಮ್ಮಸಂದ್ರದಲ್ಲಿ ಭಾನುವಾರವೂ ಟಿಪ್ಪರ್ ಲಾರಿಗಳು ಓಡುತ್ತವೆ. ಕಿಟಕಿ ತೆರೆದರೆ ಎರಡು ನಿಮಿಷದಲ್ಲಿ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಧೂಳು. ಮೊದಲ ವರ್ಷದ ಬಸ್ಸುಗಳೆಲ್ಲ ಧೂಳು ಕೂತು ಮರಳುಕಾಗದದಂತಾದವಂತೆ. ಅಂದಿನಿಂದ ಬಣ್ಣ ಹಚ್ಚುವಾಗ ಕಿಟಕಿ ಬಾಗಿಲು ಭದ್ರ, ಫ್ಯಾನ್ ಬಂದ್, ಬಾಗಿಲ ಸಂದಿಗೆ ಒದ್ದೆ ಟವೆಲ್. ಒಳಗೆ ಏಳೆಂಟು ಜನ, ಬಣ್ಣ ತೆಳುವಾಗಿಸಲು ಕಾರು ಪೇಂಟ್ ಮಾಡುವವರಿಂದ ತಂದ ಥಿನ್ನರ್ ಕ್ಯಾನು, ಮೂರು ನಾಲ್ಕು ಗಂಟೆ. ಯಜಮಾನ್ರು ಈ ನಿಯಮವನ್ನು ಟೈಪ್ ಮಾಡಿಸಿ ಬಸ್ಸಿನ ಭಾಗಗಳ ಜೊತೆ ಎಲ್ಲ ಊರುಗಳಿಗೂ ಕಳಿಸಿದ್ದರು.

ಮೊದಲ ಸಲ ಅವರು ಬಾಗಿಲು ಹಾಕಿದಾಗ ನಾನೂ ಒಳಗಿದ್ದೆ. ಅರ್ಧ ಗಂಟೆಗೆ ಹಣೆಯ ಎರಡೂ ಬದಿ ಸಿಡಿಯತೊಡಗಿತು. ಎದ್ದು ಹೊರಟವಳನ್ನು ನೋಡಿ ಪಕ್ಕದಲ್ಲಿ ಕೂತಿದ್ದವನು ನಕ್ಕ. "ಕುಂದರ್ರಿ ಅಕ್ಕಾರ. ನಾಕ್ ವಾರ ತಲಿ ಹಿಡಿತೈತಿ, ಆಮ್ಯಾಗ ತಾನ ಪಳಗ್ತೈತಿ. ನಮ್ಮೂರಾಗ ಸುಣ್ಣದ ಭಟ್ಟಿ ಇಷ್ಟ ನಾರ್ತಿತ್ತು, ಯಾರ್ ಸತ್ತಾರ?"

ಅವನ ವಿಷಯ ಹೇಳಲೇಬೇಕು. ವಿಜಯಪುರದ ಕಡೆಯವನು, ಮೂವತ್ತರ ಆಸುಪಾಸು. ಕಟ್ಟಡದ ಕೆಲಸಕ್ಕೆ ಬಂದು ಎರಡು ವರ್ಷ ಜಿಗಣಿಯಲ್ಲಿ ಮರಳು ಹೊತ್ತವನು. ಕೈ ಸ್ಥಿರವೆಂದು ಯಾರೋ ಗುರುತಿಸಿ ಸರ್ಕ್ಯೂಟ್ ಬೋರ್ಡ್ ಮಾಡುವ ಕಾರ್ಖಾನೆಗೆ ಸೇರಿಸಿದರು. ಯಂತ್ರಕ್ಕೆ ಎಟುಕದ ಜೀರಿಗೆಗಿಂತ ಸಣ್ಣ ಬಿಡಿಭಾಗಗಳನ್ನು ಮೈಕ್ರೋಸ್ಕೋಪ್ ಕೆಳಗೆ ಕೈಯಲ್ಲೇ ಬೆಸೆಯುವುದು ಅವನ ಕೆಲಸ. ಆರು ತಿಂಗಳಿಗೊಮ್ಮೆ ಅಲ್ಲಿ ಕೈಪರೀಕ್ಷೆ. ಪಾಸಾದರೆ ಅದೇ ಕುರ್ಚಿ. ಇಲ್ಲವಾದರೆ ಪ್ಯಾಕಿಂಗ್, ಮತ್ತೆ ಪ್ಯಾಕಿಂಗ್‌ಗೆ ಹೋದವರ ಗುತ್ತಿಗೆ ಮುಂದುವರಿದದ್ದನ್ನು ಅವನು ಕಂಡಿರಲಿಲ್ಲ. "ಈ ಕೈ ಒಂದ ನನ್ನ ಡಿಗ್ರೀರಿ" ಎಂದು ಬೆರಳು ಅರಳಿಸಿ ತೋರಿಸುತ್ತಿದ್ದ. ಯಜಮಾನ್ರ ನಂತರ ಅಚ್ಚು ಅವನ ಪಾಲಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದವರು ಮೂರು ನಾಲ್ಕು ಗಂಟೆ ಕೂತರೆ ಅವನು ಭಾನುವಾರ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅಲ್ಲೇ ಇರುತ್ತಿದ್ದ.

ಚರಿತ್ರೆಗೆ ನಾನು ಮೊದಲು ಸಭೆಯ ಪುಸ್ತಕಗಳನ್ನು ಓದಿದೆ. ಹೆಚ್ಚಿನದು ಚಹಾ, ಕುರ್ಚಿ, ಹಾಲ್ ಬುಕಿಂಗ್ ವಿಷಯ. ಏಳನೇ ವರ್ಷದಿಂದಾಚೆಗೆ ಅಂಕ ಕೊಡುವ ಕ್ರಮ ಬದಲಾಗಿತ್ತು. ಅದುವರೆಗೆ ವರ್ಷದ ಬಸ್ಸಿಗೆ ಕೊಡುವ ಅಂಕದಲ್ಲಿ ಅರ್ಧ ಹಳದಿ ಗೆರೆಗೇ ಇತ್ತು. ಆಮೇಲೆ ಗೆರೆಗೆ ಹತ್ತರಲ್ಲಿ ಎರಡು, ನಯ ಹೊಳಪಿಗೆ ಎಂಟು. ಸೂಚಿಸಿದವರು ಯಜಮಾನ್ರು, ವಿರೋಧವಿಲ್ಲ. ವಿರೋಧವಿಲ್ಲದ ನಿರ್ಣಯ ಎಂದರೆ ನನಗೆ ಅನುಮಾನ. ಆದರೂ ಆಗ ಅದನ್ನು ಬರೆದುಕೊಂಡು ಮುಂದೆ ಹೋದೆ.

ಆಮೇಲೆ ಕಪಾಟು ತೆರೆದೆ. ಹದಿನೆಂಟು ವರ್ಷದ ಬಸ್ಸುಗಳು. ಪುಸ್ತಕಕ್ಕೆ ಫೋಟೋ ಬೇಕಿತ್ತು, ಹಾಗಾಗಿ ಯಜಮಾನ್ರ ಹದಿನೆಂಟನ್ನೂ ಮೇಜಿನ ಮೇಲೆ ವರ್ಷದ ಪ್ರಕಾರ ಸಾಲಾಗಿಟ್ಟು ಭೂತಗನ್ನಡಿ ಹಿಡಿದೆ.

ಮೊದಲ ಆರು ಬಸ್ಸುಗಳ ಗೆರೆ ಅಡಿಪಟ್ಟಿ ಇಟ್ಟು ಎಳೆದಂತಿತ್ತು. ಏಳನೆಯದರಲ್ಲಿ ಮೂರನೇ ಕಿಟಕಿಯ ಹತ್ತಿರ ಗೆರೆ ಒಂದಿಷ್ಟು ಉಸಿರೆಳೆದುಕೊಂಡಂತೆ ಉಬ್ಬಿತ್ತು. ಹತ್ತನೆಯದರಲ್ಲಿ ಎರಡು ಕಡೆ ಉಬ್ಬು. ಹದಿನಾಲ್ಕರ ಹೊತ್ತಿಗೆ ಅದು ಗೆರೆಯಾಗಿ ಉಳಿದಿರಲಿಲ್ಲ. ನೀರಿನಲ್ಲಿ ಬಿದ್ದ ದಾರದ ನೆರಳಿನ ಹಾಗೆ ಮೇಲೂ ಕೆಳಗೂ ನಡುಗುತ್ತಾ ಹೋಗಿತ್ತು. ಹೊಳಪು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು. ಹದಿನೆಂಟನೆಯ ಬಸ್ಸಿನ ಮೈಯಲ್ಲಿ ನನ್ನ ಮುಖ ಕಾಣುತ್ತಿತ್ತು, ಧೂಳಿನ ಒಂದು ಕಣವೂ ಇರಲಿಲ್ಲ.

ವಯಸ್ಸು, ಎಂದೆ ನನಗೆ ನಾನೇ. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಕೈ ನಡುಗದೆ ಇನ್ನೇನು?

ಆದರೆ ಚರ್ಚೆಯ ಅಭ್ಯಾಸ ಕೆಟ್ಟದ್ದು. ಒಂದು ಕಾರಣ ಹೇಳಿದ ಕೂಡಲೇ ಅದನ್ನು ಮುರಿಯುವ ಉದಾಹರಣೆ ಹುಡುಕುತ್ತದೆ. ಯಜಮಾನ್ರಿಗಿಂತಲೂ ಹಿರಿಯ ಸದಸ್ಯರು ಯಾರಿದ್ದಾರೆ ಎಂದು ನೋಡಿದೆ. ಒಬ್ಬರು ಸಿಕ್ಕಿದರು, ಪುಣೆಯ ನಿವೃತ್ತ ಗುಮಾಸ್ತರು. ಅವರ ಬಸ್ಸುಗಳನ್ನೂ ಸಾಲಾಗಿಟ್ಟೆ. ಹದಿನೆಂಟನೆಯದರ ಗೆರೆ ಮೊದಲನೆಯದರಷ್ಟೇ ನೇರ. ಮೈ ಮಾತ್ರ ಧೂಳು ಕೂತು ಒರಟು. ಪ್ರತಿ ವರ್ಷ ಹೊಳಪಿನ ಅಂಕ ಕಳೆದುಕೊಂಡು ಕೊನೆಯ ಸ್ಥಾನಕ್ಕೆ ಹೋದವರು ಅವರು. ಫೋನ್ ಮಾಡಿ, ಬಾಗಿಲು ಹಾಕುವ ನಿಯಮ ಪಾಲಿಸುವುದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದೆ. ಗಟ್ಟಿಯಾಗಿ ನಕ್ಕರು. ಆ ವಾಸನೆಗೆ ಹೆಂಡತಿ ಮನೆಯೊಳಗೇ ಬಿಡುವುದಿಲ್ಲವಂತೆ. ಹದಿನೆಂಟು ವರ್ಷದಿಂದ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಬಣ್ಣ ಹಚ್ಚುತ್ತಾರಂತೆ.

ಫೋನ್ ಇಟ್ಟು ಉಳಿದ ಬಸ್ಸುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದೆ. ಧೂಳಿದ್ದ ಕಡೆ ಗೆರೆ ನೇರ. ಮೈ ಕನ್ನಡಿಯಂತಿದ್ದ ಕಡೆ, ಎಂದರೆ ಬಾಗಿಲು ಹಾಕಿ ಥಿನ್ನರ್ ವಾಸನೆಯಲ್ಲಿ ಕೂತವರದರಲ್ಲಿ, ವರ್ಷಗಳು ಕಳೆದಂತೆ ಉಬ್ಬು. ಕೊನೆಗೆ ಆ ವಿಜಯಪುರದವನ ಬಸ್ಸುಗಳನ್ನು ಎತ್ತಿಕೊಂಡೆ. ಅವನವು ನಾಲ್ಕೇ. ಮೂರು ಸರಿಯಿದ್ದವು. ನಾಲ್ಕನೆಯದರ ಹಿಂಬದಿ ಚಕ್ರದ ಮೇಲೆ ಗೆರೆ ಒಂದೇ ಒಂದು ಕಡೆ ಸಣ್ಣಗೆ ಬೆದರಿದಂತಿತ್ತು.

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಬೇಕು. ನಾನು ಆವತ್ತೇ ಹೇಳಲಿಲ್ಲ. ಒಂದು ಉಬ್ಬು ಸಾಕ್ಷಿಯಾಗುವುದಿಲ್ಲ, ಎಂದುಕೊಂಡೆ. ಅವನು ವಾರವಿಡೀ ಬೆಸುಗೆಯ ಹೊಗೆಯಲ್ಲೂ ಕೂತಿರುತ್ತಾನೆ, ಕಾರಣ ಅಲ್ಲಿಯದೂ ಇರಬಹುದು. ಪುಣೆಯವರು ಒಬ್ಬರೇ, ಒಬ್ಬರಿಂದ ಏನು ಸಿದ್ಧವಾಗುತ್ತದೆ? ಎದುರಾಳಿ ಎದ್ದು ನಿಂತು ಇವೆಲ್ಲ ಕೇಳುತ್ತಾನೆ ಎಂಬಂತೆ ನಾನು ಉತ್ತರ ಜೋಡಿಸುತ್ತಾ ಕೂತೆ. ಎದುರಾಳಿ ಯಾರೂ ಇರಲಿಲ್ಲ. ಹಾಗೆ ಐದು ತಿಂಗಳು ಹೋಯಿತು. ಅಷ್ಟೂ ಭಾನುವಾರ ಆ ಬಾಗಿಲು ಹಾಕಿತ್ತು, ಅವನು ಒಳಗಿದ್ದ.

ಆ ವರ್ಷದ ಬಸ್ಸಿಗೆ ಅವನು ಗೆರೆ ಎಳೆಯುವಾಗ ನಾನು ಎದುರಿಗಿದ್ದೆ. ಉಸಿರು ಹಿಡಿದ. ಬ್ರಷ್ ಮುಟ್ಟಿಸಿದ. ಎರಡನೇ ಕಿಟಕಿ ದಾಟುವಷ್ಟರಲ್ಲಿ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ಕೊನೆ ಮುಟ್ಟಿಸಿ, "ನೋಡ್ರಿ, ಮುಗೀತು" ಎಂದು ನಕ್ಕ.

ಅವನನ್ನು ಹೊರಗೆ ಮೆಟ್ಟಿಲಿಗೆ ಕರೆದೆ. ಎಲ್ಲ ಹೇಳಿದೆ: ಪುಣೆ, ತಾರಸಿ, ಧೂಳು, ಉಬ್ಬು. ಅವನು ಗೋಡೆಗೆ ಒರಗಿ ಕೇಳಿದ.

"ನಿಮ್ಮ ಡಿಬೇಟ್ ನನ್ನ ಮ್ಯಾಲ ಬ್ಯಾಡ್ರಿ ಅಕ್ಕಾರ. ನಿದ್ದಿ ಇಲ್ಲ, ಡಬಲ್ ಶಿಫ್ಟ್ ಮಾಡೀನಿ. ಯಾರಿಗರ ಕೈ ನಡಗ್ತೈತಿ."

"ಕಾರ್ಖಾನೇಲೂ ನಡುಗುತ್ತಾ?"

ಕೆಳಗೆ ಶಿಫ್ಟ್ ಬಸ್ಸು ನಿಂತು ಜನ ಇಳಿಯುತ್ತಿದ್ದರು. ಅವರನ್ನು ನೋಡುತ್ತಾ ಅವನು ಮೆಲ್ಲಗೆ, "ಬೆಳಿಗ್ಗೆ ಒಂದ್ ಸೊಲ್ಪ. ಬೆರಳ ತುದಿ ಜೋಮ್ ಹಿಡದಂಗ ಆಗ್ತೈತಿ. ಮ್ಯಾಲಿನವ್ರಿಗೆ ಗೊತ್ತಿಲ್ಲ. ಗೊತ್ತಾಗಬಾರ್ದು" ಎಂದ.

"ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ."

"ಡಾಕ್ಟರ್ ಚೀಟಿ ಬರೀತಾರ. ಚೀಟಿ ಬರದ್ರ ಅದು ಎಲ್ಲಿಗೆ ಹೋಗ್ತೈತಿ ಹೇಳ್ರಿ? ಮುಂದಿನ ತಿಂಗಳ ಪರೀಕ್ಷಾ ಐತಿ. ಅದೊಂದು ಆಗ್ಲಿ."

ಮುಂದಿನ ಭಾನುವಾರ ನಾನು ಯಜಮಾನ್ರ ಮುಂದೆ, ಬಸ್ಸುಗಳ ಗೆರೆ ಕೆಟ್ಟದ್ದರ ಬಗ್ಗೆ ಬರೆದ ಅಧ್ಯಾಯ ಓದಿದೆ. ಪುಸ್ತಕದ ಪ್ರತಿ ಅಧ್ಯಾಯವನ್ನೂ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯುವುದು ಪದ್ಧತಿಯಾಗಿತ್ತು. ಕೋಣೆಯಲ್ಲಿ ಆರು ಜನರಿದ್ದರು, ಅವನೂ ಇದ್ದ. ಓದಿ ಮುಗಿಸಿದ ಮೇಲೆ ಯಾರೋ ಒಬ್ಬರು, "ಏನ್ ಮೇಡಂ, ಹಿಸ್ಟರಿ ಬರೀರಿ ಅಂದ್ರೆ ಪೋಸ್ಟ್‌ಮಾರ್ಟಮ್ ಮಾಡ್ತಿದೀರಲ್ಲ!" ಎಂದು ನಗಿಸಲು ನೋಡಿದರು. ಯಜಮಾನ್ರು ತಮ್ಮ ಏಳನೇ ಬಸ್ಸನ್ನು ತರಿಸಿಕೊಂಡು ಭೂತಗನ್ನಡಿ ಇಲ್ಲದೆಯೇ ಆ ಮೂರನೇ ಕಿಟಕಿಯ ಮೇಲೆ ಉಗುರಿಟ್ಟರು.

"ಇಲ್ಲಿ. ಇದು ನಂಗೊತ್ತಿತ್ತು ಕಣಮ್ಮ. ಆವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಅಂಕ ಬದಲಾಯಿಸಿದ್ರಾ ಯಜಮಾನ್ರೇ?"

"ಬದ್ಲಾಯಿಸ್ದೆ. ಕಟ್ದೋನ ಗೆರೇನೇ ಸೊಟ್ಟಗಾದ್ರೆ ಬೇರೆಯೋರ್ನ ಎಂಗೆ ಕೇಳೋದು? ವಯಸ್ಸಾಯ್ತು ಅಂದ್ಕೊಂಡೆ. ಅದುಕ್ಕೆ ಗೆರೆ ಕಡೆ ಯಾರೂ ನೋಡ್ದಂಗೆ ಮಾಡ್ದೆ." ಮಾತು ನಿಲ್ಲಿಸಿ ಅವನ ಕಡೆ ತಿರುಗಿದರು. "ಇವ್ನಿಗೆ ಯಾವ್ ವಯಸ್ಸಾಯ್ತು?"

ಹನ್ನೊಂದು ವರ್ಷಗಳ ಕಾಲ ಆ ಗೆರೆ ಎಲ್ಲರ ಕಣ್ಣ ಮುಂದೆಯೇ ನಡುಗಿತ್ತು. ಅದನ್ನು ನೋಡಬೇಕಿಲ್ಲ ಎಂದು ಒಂದು ನಿರ್ಣಯ ಮಾಡಿ, ವಿರೋಧವಿಲ್ಲದೆ ಸಹಿ ಹಾಕಿದ್ದರು. ನನ್ನ ಮೊದಲ ಅನುಮಾನವನ್ನೇ ನಾನು ಬರೆದುಕೊಂಡು ಮುಂದೆ ಹೋಗಿದ್ದೆನಲ್ಲ.

ಯಜಮಾನ್ರು ಎದ್ದು ಕಿಟಕಿಯ ಚಿಲಕ ತೆಗೆಯಲು ನೋಡಿದರು. ಬೆರಳಿಗೆ ಅದು ಬಗ್ಗಲಿಲ್ಲ. ಬೇರೆಯವರು ತೆಗೆದುಕೊಟ್ಟರು. ಆವತ್ತಿನಿಂದ ಬೊಮ್ಮಸಂದ್ರದಲ್ಲಿ ಬಾಗಿಲು ಹಾಕುವುದು ನಿಂತಿತು. ಥಿನ್ನರ್ ಕೆಲಸವೆಲ್ಲ ಮೆಟ್ಟಿಲ ತುದಿಯ ತೆರೆದ ಜಾಗಕ್ಕೆ ಹೋಯಿತು.

ನಾನು ಗೆದ್ದೆ ಎಂದುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ಅವನು ನನ್ನ ಹತ್ತಿರ ಬಂದ.

"ಅಕ್ಕಾರ, ಆ ಪುಸ್ತಕ ಹನ್ನೊಂದ್ ಊರಿಗೆ ಹೋಗ್ತೈತಿ. ನಮ್ಮ ಕಾರ್ಖಾನಿ ಲೈನಿನ್ಯಾಗ ಸಂಘದ ಇಬ್ಬರು ಮೆಂಬರ್ ಅದಾರ. ನನ್ನ ನಾಕ್ನೇ ಬಸ್ಸಿನ ಫೋಟೋ, ಐದ್ನೇ ಬಸ್ಸಿನ ಫೋಟೋ, ಅದರ ಕೆಳಗ ಕೈ ನಡಗ್ತೈತಿ ಅಂತ ನೀವ್ ಬರದ್ರ, ನಾನು ಪರೀಕ್ಷಾಕ ಕುಂದರೂದ ಬ್ಯಾಡ."

"ಹೆಸರು ಹಾಕಲ್ಲ."

"ವಿಜಯಪುರದಾವ, ಬೋರ್ಡ್ ಬೆಸಿಯಾವ. ಈ ಸಂಘದಾಗ ನನ್ನಂಥಾವ್ರು ಎಷ್ಟ್ ಮಂದಿ ಅದಾರ?"

ಅವನಿಗೆ ಸಂಬಂಧಿಸಿದ ಎರಡು ಪುಟ ತೆಗೆದೆ, ಫೋಟೋ ತೆಗೆದೆ. ಅಧ್ಯಾಯದಲ್ಲಿ ಯಜಮಾನ್ರ ಹದಿನೆಂಟು, ಪುಣೆಯವರ ಹದಿನೆಂಟು ಮಾತ್ರ ಉಳಿದವು. ಪುಸ್ತಕ ಅಚ್ಚಾಗಿ ಎಲ್ಲ ಶಾಖೆಗಳಿಗೂ ಹೋಯಿತು. ಅವನು ಆ ಪರೀಕ್ಷೆಯಲ್ಲಿ ಪಾಸಾದ. ಎರಡೂ ಮೊಣಕೈಗಳನ್ನು ಮೇಜಿಗೆ ಒತ್ತಿ ಹಿಡಿದು, ಉಸಿರು ಕಟ್ಟಿ. ಸಂಜೆ ಸಿಹಿ ತಂದಿದ್ದ.

ಮೂರು ವಾರಕ್ಕೆ ಕೊಯಮತ್ತೂರು ಶಾಖೆಯ ಕಾರ್ಯದರ್ಶಿಯಿಂದ ಪತ್ರ ಬಂತು. ಸಂಸ್ಥಾಪಕರ ಬಗ್ಗೆ ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಂದು ಶುರು ಮಾಡಿ, ಆಮೇಲೆ ಕೇಳಿದ್ದರು: ಯಜಮಾನ್ರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಪುಣೆಯವರದ್ದು ಗಟ್ಟಿ ಜೀವವಿರಬಹುದು. ಇಬ್ಬರಿಂದ ಏನು ಸಿದ್ಧವಾಗುತ್ತದೆ? ಒಂದಾದರೂ ಎಳೆಯ ಕೈ ಕೆಟ್ಟದ್ದನ್ನು ತೋರಿಸಿ, ನಾವೂ ಬಾಗಿಲು ತೆರೆಯುತ್ತೇವೆ.

ನನ್ನದೇ ಪ್ರಶ್ನೆಗಳು, ನನ್ನದೇ ಕ್ರಮದಲ್ಲಿ. ಅವರ ಜಾಗದಲ್ಲಿದ್ದಿದ್ದರೆ ನಾನೂ ಅಕ್ಷರ ಬಿಡದೆ ಹಾಗೇ ಬರೆಯುತ್ತಿದ್ದೆ. ಉತ್ತರ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು, ತೆಗೆದಿಟ್ಟ ಎರಡು ಪುಟ. ಕಾರ್ಯದರ್ಶಿಯ ಸ್ವಂತ ಬಸ್ಸುಗಳನ್ನೂ ನಾನು ನೋಡಿದ್ದೆ. ಅವರಿಗೆ ನಲವತ್ತೂ ಆಗಿಲ್ಲ. ಅವರ ಬಸ್ಸುಗಳ ಮೈಯೂ ಕನ್ನಡಿ, ಕಳೆದ ವರ್ಷದ್ದರಲ್ಲಿ ಎರಡು ಉಬ್ಬು. ಅದನ್ನು ಬರೆದು ಕಳಿಸಿದೆ. ಅದು ಹಬ್ಬದ ವಾರದಲ್ಲಿ ಅವಸರಕ್ಕೆ ಮಾಡಿದ್ದು ಎಂದು ಉತ್ತರ ಬಂತು.

ಪತ್ರವನ್ನು ಅವನಿಗೆ ತೋರಿಸಿದೆ. ಎರಡು ಸಲ ಓದಿಸಿಕೊಂಡು ತಲೆ ಕೆರೆದುಕೊಂಡ. "ಇನ್ನೊಂದು ಪರೀಕ್ಷಾ ಆಗ್ಲಿರಿ. ಈಗ ಗಾಳ್ಯಾಗ ಕುಂತ ಬಣ್ಣ ಹಚ್ಚಾಕತ್ತೀನಲ್ಲ, ಸುಧಾರಿಸಿದ್ರ ಸುಧಾರಿಸ್ತೈತಿ. ಆಮ್ಯಾಗ ನಿಮಗ ಹೆಂಗ್ ಬೇಕೋ ಹಂಗ್ ಬರೀರಿ."

ಕಾದೆ. ಮತ್ತೆ ಆರು ತಿಂಗಳು. ಈ ಸಲ ಸಾಕ್ಷಿ ಸಾಲದೆಂದು ಕಾದದ್ದಲ್ಲ, ಮಾತು ಕೊಟ್ಟಿದ್ದೆ. ಕೊಯಮತ್ತೂರಿನ ಮುಚ್ಚಿದ ಕೋಣೆಯಲ್ಲಿ ಕೂತವರ ಕೈಗೆ ಆ ಎರಡು ಕಾಯುವಿಕೆಗಳ ನಡುವೆ ಏನು ವ್ಯತ್ಯಾಸ ಎಂದು ಕೇಳಿದರೆ, ಏನೂ ಇಲ್ಲ.

ಹೋದ ಮಂಗಳವಾರ ಮಧ್ಯಾಹ್ನ ಅವನ ಫೋನ್ ಬಂತು. ಡ್ಯೂಟಿಯ ಹೊತ್ತು. ಆ ಹೊತ್ತಿನಲ್ಲಿ ಅವನು ಯಾವತ್ತೂ ಫೋನ್ ಮಾಡಿದವನಲ್ಲ, ಮೈಕ್ರೋಸ್ಕೋಪಿನ ಕುರ್ಚಿಯಲ್ಲಿದ್ದವರು ಫೋನನ್ನು ಹೊರಗೆ ಲಾಕರಿನಲ್ಲಿ ಇಟ್ಟಿರಬೇಕು. ಹಿಂದೆ ರಟ್ಟಿನ ಪೆಟ್ಟಿಗೆಗೆ ಹಚ್ಚುವ ಅಂಟುಪಟ್ಟಿಯನ್ನು ಸರ್ರನೆ ಎಳೆದು ಹರಿಯುವ ಸದ್ದು, ಒಂದರ ಮೇಲೊಂದು.

"ಅಕ್ಕಾರ, ಈಗ ಬರೀರಿ" ಎಂದ.

"ಪರೀಕ್ಷೆ ಏನಾಯ್ತು?"

"ಬರೀರಿ ಅಂದ್ನಲ್ಲ. ವಿಜಯಪುರ ಅಂತನೂ ಬರೀರಿ. ಹೆಸರ್ ಒಂದ್ ಬ್ಯಾಡ, ಊರಾಗ ಅವ್ವಗ ಗೊತ್ತಿಲ್ಲ."

ಆ ಎರಡು ಪುಟ, ಎರಡು ಫೋಟೋ ಅವತ್ತೇ ಕೊಯಮತ್ತೂರಿಗೂ ಉಳಿದ ಊರುಗಳಿಗೂ ಕಳಿಸಿದೆ. ತಲುಪಿದೆ ಎಂದು ಫೋನು ತೋರಿಸುತ್ತಿದೆ, ಉತ್ತರ ಯಾರಿಂದಲೂ ಬಂದಿಲ್ಲ. ಇದು ಎಲ್ಲ ಶಾಖೆಗಳಲ್ಲೂ ವರ್ಷದ ಬಸ್ಸಿಗೆ ಬಣ್ಣ ಹಚ್ಚಲು ಶುರು ಮಾಡುವ ತಿಂಗಳು. ಬಾಗಿಲು ಹಾಕಿಕೊಂಡಿರುತ್ತಾರೆ.